ನಮ್ಮ ಮನೆಯವರು ಸರ್ಚಿಗೆ ಸಿಗಲಿಲ್ಲ

ನಿವೃತ್ತಳಾದ ಶಿಕ್ಷಕಿಗೆ ತಿದ್ದಲು ಏನೂ ಸಿಗದಿದ್ದರೆ ಆಕೆ ಮನೆಯವರನ್ನೇ ತಿದ್ದಲು ಶುರು ಮಾಡುತ್ತಾಳೆ. ಗಡಿಯ ಹಳ್ಳಿಯೊಂದರ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ಮಿರಜಿನ ಮನೆಯಲ್ಲಿ ಕೂತ ಮೇಲೆ ನಾನು ಮೊದಲು ಹಾಲಿನವನ ಚೀಟಿ ತಿದ್ದಿದೆ. ಆಮೇಲೆ ನಮ್ಮ ಓಣಿಯ ನೀರಿನ ನೋಟೀಸು ತಿದ್ದಿದೆ, ಅದು ಮರಾಠಿಯಲ್ಲಿತ್ತು, ಆದರೂ ಬಿಡಲಿಲ್ಲ. ಕೊನೆಗೆ ಗಂಡನ ವ್ಯಾಪಾರಕ್ಕೆ ಕೈ ಹಾಕಿದೆ.

ನಮ್ಮದು ಕಂಬಳಿ ಅಂಗಡಿ. ಗಡಿ ಹಳ್ಳಿಗಳಲ್ಲಿ ಕುರಿ ಸಾಕುವ ಮನೆಗಳಿಂದ ಕೈಮಗ್ಗದ ಕರಿ ಕಂಬಳಿ ತರಿಸಿ ಮಾರುವುದು ಮಾವನವರ ಕಾಲದಿಂದ ನಡೆದು ಬಂದ ಕಸುಬು. ಅಂಗಡಿ ಹಾಕಿದ ವರ್ಷವೇ ಮಗ ಹುಟ್ಟಿದ್ದರಿಂದ ಮಾವನವರು ಫಲಕದ ಮೇಲೆ ಮಗನ ಹೆಸರನ್ನೇ ಬರೆಸಿದ್ದರು. ಹೀಗಾಗಿ ನಮ್ಮ ಮನೆಯವರು ತೊಟ್ಟಿಲಲ್ಲಿದ್ದಾಗಲೇ ಪೇಟೆಯಲ್ಲಿ ಪ್ರಸಿದ್ಧರಾಗಿಬಿಟ್ಟರು. ಮ್ಹೈಸಾಳ, ಖಂಡೇರಾಜುರಿ ಕಡೆಯ ಜನ ಯಾರೂ ಕಂಬಳಿ ಅಂಗಡಿ ಎನ್ನುವುದಿಲ್ಲ. ಇವರ ಹೆಸರಿಗೆ ಅಣ್ಣ ಎಂದು ಹಚ್ಚಿ, ಆ ಅಣ್ಣನ ಅಂಗಡಿ ಎನ್ನುತ್ತಾರೆ.

ಇವರ ವ್ಯಾಪಾರವೆಂದರೆ ಮುಕ್ಕಾಲು ಪಾಲು ಮಾತು. ಗಿರಾಕಿಯನ್ನು ಕೂಡ್ರಿಸಿ, ಚಹಾ ಹೇಳಿ, ಊರಿನ ಮಳೆ, ಕಬ್ಬು, ಯಾರ ಮಗಳ ಲಗ್ನ ಎಲ್ಲ ಕೇಳಿದ ಮೇಲೆಯೇ ಗಂಟು ಬಿಚ್ಚುವುದು. ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಸುಡುತ್ತಾರೆ. ಕೂದಲು ಸುಟ್ಟ ವಾಸನೆ ಬಂದು ಎಳೆ ಬೂದಿಯಾದರೆ ಉಣ್ಣೆ, ಅಂಟಂಟಾಗಿ ಮುದ್ದೆಯಾದರೆ ಬೆರಕೆ. ಬೆರಕೆ ಮಾಲು ಇವರ ಅಂಗಡಿಯಲ್ಲಿ ಇಲ್ಲವೆಂದು ಗೊತ್ತಿದ್ದವರೂ ಆ ಸುಡುವುದನ್ನು ನೋಡಲು ಕೂರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಪೇಟೆಯ ಆ ಹಳೆಯ ಕಟ್ಟಡವನ್ನು ಮಾಲೀಕರು ಕೆಡವಲು ಹೊರಟರು. ನಾವು ಸಾಂಗಲಿ ರಸ್ತೆಯಲ್ಲಿ ಒಂದು ಹೊಸ ಕಾಂಪ್ಲೆಕ್ಸಿನ ಹಿಂಬದಿಗೆ ಅಂಗಡಿ ಸರಿಸಿದೆವು. ಹೊಸ ವಿಳಾಸ ಬರೆದ ದೊಡ್ಡ ಕಾಗದವನ್ನು ಹಳೆಯ ಗೋಡೆಗೆ ನಾನೇ ಮುಂದೆ ನಿಂತು ಹಚ್ಚಿಸಿದೆ. ಕಾಗುಣಿತದಲ್ಲಿ ಒಂದೂ ತಪ್ಪಿರಲಿಲ್ಲ. ಮೂರನೆಯ ದಿನ ಗೋಡೆಯನ್ನೇ ಕೆಡವಿದರು. ಗೋಡೆ ಕೆಡವುತ್ತಾರೆಂದೇ ನಾವು ಅಂಗಡಿ ಬಿಟ್ಟಿದ್ದು, ಆದರೂ ಅದು ನನಗೆ ಹೊಳೆದಿರಲಿಲ್ಲ.

ಗಿರಾಕಿಗಳು ಬರುವುದು ನಿಂತಿತು. ಹಳ್ಳಿಯಿಂದ ಬಸ್ಸಿಗೆ ಬಂದವರು ಹಳೆಯ ಜಾಗ ನೋಡಿ, ಅಕ್ಕಪಕ್ಕ ಕೇಳಿ, ಗೊತ್ತಿಲ್ಲ ಎಂಬ ಉತ್ತರ ಹಿಡಿದುಕೊಂಡು ತಿರುಗಿ ಹೋಗುತ್ತಿದ್ದರಂತೆ. ಇವರು ಹೊಸ ಅಂಗಡಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತು ಪೇಪರಿನ ಟೆಂಡರ್ ನೋಟೀಸುಗಳನ್ನೂ ಬಿಡದೆ ಓದಿದರು. ಮನೆಗೆ ಬೇಗ ಬರತೊಡಗಿದರು. ಎರಡು ರೊಟ್ಟಿಯಿಂದ ಒಂದಕ್ಕೆ ಇಳಿದರು. ಮನೆ ನಡೆಯಲು ನನ್ನ ಪಿಂಚಣಿ ಇತ್ತು, ಊಟಕ್ಕೇನೂ ಕೊರತೆ ಇರಲಿಲ್ಲ. ಕೊರತೆಯಾದದ್ದು ಇವರನ್ನು ಕೇಳಿಕೊಂಡು ಬರುವವರದು. ಒಂದು ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತ ಇವರು ನಗುತ್ತಲೇ ಅಂದರು, “ಮಂದಿ ನಾ ಸತ್ತೇನಿ ಅಂತ ತಿಳಕೊಂಡಿರಬೇಕು.”

ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಇವರನ್ನು ಮತ್ತೆ ನಾಲ್ಕು ಜನ ಹುಡುಕಿಕೊಂಡು ಬರುವಂತೆ ಮಾಡುತ್ತೇನೆ ಎಂದು ಆವತ್ತೇ ನಿಶ್ಚಯಿಸಿದೆ.

ಸಾಂಗಲಿಯಲ್ಲಿ ನನ್ನ ತಂಗಿಯ ಮಗಳಿದ್ದಾಳೆ. ಮದುವೆಯಾಗಿ ಎರಡು ಮಕ್ಕಳ ತಾಯಿ, ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ. ಅವಳಿಗೆ ನಾನು ಮಾವಶಿ, ಇವರು ಕಾಕಾ. ಅವಳು ವೆಬ್‌ಸೈಟ್ ಮಾಡೋಣ ಎಂದಳು. ಹಳ್ಳಿಯವರೂ ಈಗ ಬಸ್ ಹತ್ತುವ ಮೊದಲು ಫೋನಿನಲ್ಲಿ ಹುಡುಕುತ್ತಾರೆ, ಹುಡುಕಿದರೆ ನಾವು ಸಿಗಬೇಕು ಅಷ್ಟೇ, ಎಂದು ವಿವರಿಸಿದಳು. ತಾಣವನ್ನು ಕಟ್ಟುವುದು ಅವಳ ಕೆಲಸ, ಬರೆಯುವುದು ನನ್ನ ಕೆಲಸ ಎಂದು ಹಂಚಿಕೊಂಡೆವು. ಗಿರಾಕಿಗಳೆಲ್ಲ ಗಡಿಯ ಕನ್ನಡದವರು, ಮೊದಲು ಕನ್ನಡ ಪುಟ ಆಗಲಿ, ಮರಾಠಿ ಆಮೇಲೆ ನೋಡೋಣ ಎಂದು ನಾನು ಹಟ ಹಿಡಿದೆ. ಹುಡುಗಿ ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಅರ್ಧ ಮರಾಠಿ, ಓದಬೇಕೆಂದರೆ ಅಕ್ಷರ ಅಕ್ಷರ ಕೂಡಿಸಬೇಕು. ನಾನು ಬರೆದುಕೊಟ್ಟದ್ದನ್ನು ಅವಳು ಓದದೆಯೇ ಹಾಕುತ್ತಾಳೆ ಎಂಬುದು ನನಗೆ ಆಗ ಅನುಕೂಲವಾಗಿಯೇ ಕಂಡಿತ್ತು.

ಸರ್ಚ್ ಎಂಜಿನ್ ಎಂದರೆ ಏನೆಂದು ಅವಳು ಹೇಳಿದ್ದನ್ನು ನಾನು ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಅದರ ಕಡೆಯಿಂದ ಒಂದು ಪ್ರೋಗ್ರಾಮ್ ಬಂದು ನಮ್ಮ ಪುಟಗಳನ್ನೆಲ್ಲ ಓದಿಕೊಂಡು ಹೋಗುತ್ತದೆ, ಹೋಗಿ ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತದೆ. ಅಂದರೆ ಶಾಲೆಯ ಇನ್ಸ್‌ಪೆಕ್ಷನ್ನೇ. ಇನ್ಸ್‌ಪೆಕ್ಷನ್ನಿಗೆ ತಯಾರಾಗುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸಾಹೇಬರು ಬರುವ ದಿನ ಹಲಗೆಯ ಮೇಲೆ ಸುಭಾಷಿತ, ಬಾಗಿಲಿಗೆ ತೋರಣ, ಹುಡುಗರ ತಲೆಗೆ ಎಣ್ಣೆ. ಅದೇ ಉತ್ಸಾಹದಿಂದ ನಾನು ಪುಟಗಳನ್ನು ಬರೆದೆ. “ಉಣ್ಣೆಯ ಎಳೆಯೆಳೆಯಲ್ಲೂ ಮಿಡಿಯುವ ಸಂಸ್ಕೃತಿಯ ಉಸಿರು” ಎಂಬುದು ಮೊದಲ ಸಾಲು. ಬರೆದು ನಾನೇ ಎರಡು ಸಲ ಓದಿಕೊಂಡು ಕಣ್ಣು ಒರೆಸಿಕೊಂಡೆ. ಕಂಬಳಿ ಎಂಬ ಶಬ್ದ ಬಂದದ್ದು ನಾಲ್ಕನೆಯ ಪ್ಯಾರಾದಲ್ಲಿ.

ಹುಡುಗಿ ಒಂದು ಕಾಗದದ ಮೇಲೆ ಏನೇನು ಬೇಕೆಂದು ಬರೆದುಕೊಟ್ಟಿದ್ದಳು. ಪ್ರತಿ ಪುಟಕ್ಕೆ ಒಂದು ಶೀರ್ಷಿಕೆ. ಪುಟದಲ್ಲಿ ಏನಿದೆ ಎಂದು ಎರಡು ಸಾಲಿನ ವಿವರಣೆ, ಸರ್ಚಿನಲ್ಲಿ ಹೆಸರಿನ ಕೆಳಗೆ ಕಾಣುವುದು ಅದೇ. ಪ್ರತಿ ಫೋಟೋಕ್ಕೆ ಅದರಲ್ಲಿ ಏನಿದೆ ಎಂದು ಮಾತಿನಲ್ಲಿ ಒಂದು ಸಾಲು, ಯಾಕೆಂದರೆ ಬಂದು ಓದುವ ಪ್ರೋಗ್ರಾಮು ಅಕ್ಷರ ಓದಿದಷ್ಟು ಸಲೀಸಾಗಿ ಚಿತ್ರ ಓದುವುದಿಲ್ಲ. ನಾನು ಎಲ್ಲ ಜಾಗ ತುಂಬಿದೆ. ಮೊದಲ ಪುಟದ ಶೀರ್ಷಿಕೆ “ಮುಖಪುಟ”, ಎರಡನೆಯದಕ್ಕೆ “ಎರಡನೆಯ ಪುಟ”. ಇವರು ಟೋಪಿ ಹಾಕಿಕೊಂಡು ಫಲಕದ ಕೆಳಗೆ ನಿಂತ ಫೋಟೋಕ್ಕೆ “ಇವರು” ಎಂದು ಬರೆದೆ. ಗಂಟು ಬಿಚ್ಚುವ ಫೋಟೋಕ್ಕೆ “ಇವರು ಗಂಟು ಬಿಚ್ಚುತ್ತಿರುವುದು”.

ಯಾವ ಪುಟ ಎಲ್ಲಿದೆ ಎಂಬ ಪಟ್ಟಿಗೆ ಸೈಟ್‌ಮ್ಯಾಪ್ ಎನ್ನುತ್ತಾರಂತೆ. ಹುಡುಗಿ ಅದನ್ನು ಸರ್ಚ್ ಎಂಜಿನ್ನಿಗೆ ಕಳಿಸಿ, ಇನ್ನು ಕಾಯುವುದು ಅಂದಳು. ನಾನು ಕಾಯುವ ಪೈಕಿ ಅಲ್ಲ. ದಿನಕ್ಕೆ ನಾಲ್ಕು ಸಲ ಫೋನು ತೆಗೆದು “ಮಿರಜ ಕಂಬಳಿ” ಎಂದು ಹಾಕಿ ನೋಡುತ್ತಿದ್ದೆ. ಹದಿನೈದು ದಿನದ ಮೇಲೆ ಒಂದು ಬೆಳಿಗ್ಗೆ ನಮ್ಮ ತಾಣ ಸರ್ಚಿನ ಎರಡನೆಯ ಪುಟದ ಕೊನೆಯಲ್ಲಿ ಕಾಣಿಸಿತು. ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿ ಸುದ್ದಿ ಮುಟ್ಟಿಸಿದೆ. ಮಹಿಳಾ ಮಂಡಳದಲ್ಲಿ ‘ಮನೆಯಿಂದಲೇ ಜಗತ್ತಿಗೆ’ ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಿದೆ, ಹೆಣ್ಣುಮಕ್ಕಳು ಹಳೆಯ ಮೂಢನಂಬಿಕೆಗಳನ್ನು ಬಿಡಬೇಕು ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು.

ಅಂಗಡಿಗೆ ಮಾತ್ರ ಯಾರೂ ಬರಲಿಲ್ಲ. ಎರಡು ತಿಂಗಳು ಹೋಯಿತು. ಮೂರನೆಯದೂ ಹೋಯಿತು. ಇವರು ನನ್ನನ್ನು ಏನೂ ಕೇಳಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಇವರ ಅಂಗಿಯ ಕೊರಳು ಸಡಿಲಾಗಿತ್ತು. ಇವರು ಗುಂಡಿ ಹಾಕಿಕೊಳ್ಳುವಾಗ ಅದನ್ನು ಕಂಡು ನಾನು ಅಂಗಿಯದೇ ದೋಷವೆಂದು ಅಂದುಕೊಳ್ಳಲು ನೋಡಿದೆ.

ಒಂದು ಭಾನುವಾರ ಹುಡುಗಿ ಊಟಕ್ಕೆ ಬಂದಿದ್ದಳು. ಕಸಬೆ ಡಿಗ್ರಜದಲ್ಲಿ ಅವಳ ಅತ್ತೆಯ ಕಡೆಯವರು ಯಾರೋ ನಮ್ಮನ್ನು ಫೋನಿನಲ್ಲಿ ಹುಡುಕಿ ಸಿಗದೆ ಬಿಟ್ಟರಂತೆ. ನಾನು ಸಿಟ್ಟಾಗಿ, ಎರಡನೆಯ ಪುಟದಲ್ಲಿ ನಾವಿದ್ದೇವೆ, ಅವರಿಗೆ ಹುಡುಕಲು ಬರುವುದಿಲ್ಲ ಎಂದೆ. ಅವಳು ಅಲ್ಲಿಯೇ ತನ್ನ ಫೋನಿನಲ್ಲಿ ಇವರ ಹೆಸರು ಹೇಳಿ, ಅಂಗಡಿ ಎಂದಳು. ಅದೇ ಹೆಸರಿನ ಒಬ್ಬ ದಂತವೈದ್ಯರು ಬಂದರು, ಒಂದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಬಂತು, ದೂರದ ಊರಿನ ಒಂದು ಮದುವೆ ಕಾರ್ಯಾಲಯ ಬಂತು. ನಾವು ಇಲ್ಲ. ಅವಳು ಮತ್ತೆ ಮತ್ತೆ ಕೆಳಗೆ ಸರಿಸಿ ನೋಡಿ, ನಮ್ಮ ತಾಣ ತೆರೆದು, ಮೊದಲ ಸಲ ಅಕ್ಷರ ಕೂಡಿಸಿ ಓದಲು ಕೂತಳು. ಬಹಳ ಹೊತ್ತಾದ ಮೇಲೆ ತಲೆ ಎತ್ತಿ, ಕಾಕಾನ ಹೆಸರು ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದಳು.

“ಎಲ್ಲಾ ಕಡೆ ಐತಲ್ಲ,” ಎಂದೆ. “ಸಾಲು ಸಾಲಿನ್ಯಾಗ ಅವರ ಅದಾರ.”

ಅವಳು ಪುಟದಲ್ಲಿ ಹುಡುಕುವ ಜಾಗಕ್ಕೆ ಇವರ ಹೆಸರು ಹಾಕಿದಳು. ಸೊನ್ನೆ ಎಂದು ಬಂತು. “ನಮ್ಮ ಮನೆಯವರು” ಎಂದು ಹಾಕಿದಳು. ನಲವತ್ತಾರು ಕಡೆ ಹಳದಿ ಬಣ್ಣ ಹೊತ್ತಿಕೊಂಡಿತು. ನಡುನಡುವೆ “ಯಜಮಾನರು”, “ಇವರು”, “ಅವರು” ಬೇರೆ. ಹೆಸರು ಇದ್ದದ್ದು ಒಂದೇ ಕಡೆ, ಫೋಟೋದ ಒಳಗಿನ ಫಲಕದ ಮೇಲೆ.

“ಮಂದಿ ಕಾಕಾನ ಹೆಸರ ಹಾಕಿ ಹುಡಕತಾರ ಮಾವಶಿ,” ಎಂದಳು ಅವಳು. “ನಮ್ಮ ಮನೆಯವರು ಅಂತ ಹಾಕಿದ್ರ ಊರಾಗಿನ ಎಲ್ಲಾರ ಗಂಡಂದಿರೂ ಬರತಾರ.”

ನಾನು ಅಡುಗೆ ಮನೆಗೆ ಎದ್ದು ಹೋದೆ.

ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು, ತಾಯಿಯೂ ಹೇಳುತ್ತಿದ್ದಳು. ನಾನು ನಂಬುವುದಿಲ್ಲ. ಆದರೆ ನಂಬದಿದ್ದರೂ ಸುಮ್ಮನೆ ಯಾಕೆ ಪರೀಕ್ಷೆ ಮಾಡಬೇಕು ಎಂದು ಬಿಟ್ಟಿದ್ದೆ. ಹೀಗೆ ಬಿಟ್ಟು ಬಿಟ್ಟು ಮೂವತ್ತೆಂಟು ವರ್ಷವಾಗಿತ್ತು. ಬ್ಯಾಂಕಿನಲ್ಲಿ ಹೆಸರು ಕೇಳಿದರೆ ಆಧಾರ್ ಕಾರ್ಡು ಮುಂದೆ ಹಿಡಿಯುತ್ತಿದ್ದೆ. ಶಾಲೆಯಲ್ಲಿ ಒಂದು ವರ್ಷ ಇವರ ಹೆಸರಿನದೇ ಹುಡುಗನೊಬ್ಬ ನನ್ನ ತರಗತಿಗೆ ಬಂದ. ಹಾಜರಿ ತೆಗೆಯುವಾಗ ಎಲ್ಲ ಮಕ್ಕಳನ್ನೂ ಹೆಸರು ಹಿಡಿದು ಕರೆದು, ಅವನೊಬ್ಬನನ್ನು ಮಾತ್ರ “ಹದಿನೇಳು” ಎನ್ನುತ್ತಿದ್ದೆ. ಆ ಪಾಪದ ಹುಡುಗ ತಾನೇನೋ ದೊಡ್ಡ ತಪ್ಪು ಮಾಡಿದ್ದೇನೆಂದು ತಿಳಿದು ವರ್ಷವಿಡೀ ನನಗೆ ಹೆದರಿಕೊಂಡೇ ಇದ್ದ. ನಾನು ಮಹಿಳಾ ಮಂಡಳದಲ್ಲಿ ಮಾತಾಡಿದ್ದು ಮೂಢನಂಬಿಕೆ ಬಿಡುವುದರ ಮೇಲೆ.

ನಮ್ಮ ಸಂಪ್ರದಾಯ ತಡೆದಿರುವುದು ಬಾಯಿಯನ್ನು. ಬರೆಯಬಾರದೆಂದು ಯಾರೂ ಹೇಳಿಲ್ಲ. ನನ್ನ ಕೈ ತಾನಾಗಿಯೇ ಬಾಯಿಯ ಜಾಡು ಹಿಡಿದಿತ್ತು, ಅದು ನನ್ನ ಗಮನಕ್ಕೂ ಬಂದಿರಲಿಲ್ಲ. ಊರೆಲ್ಲ ಇವರನ್ನು ಹುಡುಕಲಿ ಎಂದು ನಾಲ್ಕು ತಿಂಗಳು ಒದ್ದಾಡಿ, ಇವರನ್ನು ಯಾರಿಗೂ ಸಿಗದಂತೆ ಬಚ್ಚಿಟ್ಟವಳು ನಾನೇ.

ಹುಡುಗಿ ತಾನೇ ಹೆಸರು ಹಾಕಿಬಿಡುತ್ತೇನೆ ಎಂದಳು. ನಾನು ಬೇಡವೆಂದೆ, ನನ್ನ ಪುಟ, ನಾನೇ ಬರೆಯುತ್ತೇನೆ ಎಂದೆ. ಅವಮಾನಕ್ಕೆ ಮೊಂಡತನವೂ ಕೂಡಿತು. ಮರುದಿನ ಇವರು ಅಂಗಡಿಗೆ ಹೋದ ಮೇಲೆ ಫೋನು ಹಿಡಿದು ಕೂತೆ. ಮೊದಲ ಎರಡು ಅಕ್ಷರ ಒತ್ತಿದ್ದೇ ತಡ, ಫೋನು ಇಡೀ ಹೆಸರನ್ನು ತಾನೇ ಮುಂದೆ ಹಿಡಿಯಿತು. ನಾನು ಫೋನನ್ನು ಬೋರಲು ಹಾಕಿದೆ. ಇವರ ಅಂಗಿಯ ಸಡಿಲಾದ ಆ ಕೊರಳು ಕಣ್ಣ ಮುಂದೆ ಬಂತು. ಬೇರೆ ಯಾವ ವರ್ಷವಾದರೂ ಬರೆದುಬಿಡುತ್ತಿದ್ದೆನೇನೋ, ಈ ವರ್ಷ ನನಗೆ ಧೈರ್ಯ ಸಾಲದು ಅನ್ನಿಸಿತು. ಆವತ್ತೂ ಬರೆಯಲಿಲ್ಲ, ಮರುದಿನವೂ ಬರೆಯಲಿಲ್ಲ.

ನಮ್ಮಲ್ಲಿ ಗಂಡನ ಹೆಸರು ಹೇಳಲು ಒಂದೇ ಒಂದು ದಾರಿ ಇದೆ. ಮದುವೆಯಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದು ಕಾಡುತ್ತಾರೆ. ಆಗ ಮದುಮಗಳು ಪ್ರಾಸ ಕಟ್ಟಿ ಒಂದು ಒಡಪು ಹೇಳಿ ಅದರೊಳಗೆ ಹೆಸರು ಸೇರಿಸಬಹುದು. ನಮ್ಮ ಕಡೆ ಅದಕ್ಕೆ ಉಖಾಣೆ ಎನ್ನುತ್ತಾರೆ. ಪ್ರಾಸದೊಳಗೆ ಬಂದ ಹೆಸರಿಗೆ ದೋಷವಿಲ್ಲ. ನನ್ನ ಮದುವೆಯಲ್ಲಿ ಒಂದು ಸಲ, ನಾದಿನಿಯ ಮದುವೆಯಲ್ಲಿ ಒಂದು ಸಲ ಹೇಳಿದ್ದೆ. ಮೂರನೆಯ ದಿನ ಒಗ್ಗರಣೆ ಹಾಕುವಾಗ ಅದು ನೆನಪಾಗಿ, ಒಲೆ ಆರಿಸಿ ಬಂದು, ಮೊದಲ ಪುಟದ ಎರಡು ಸಾಲಿನ ವಿವರಣೆ ಇರಬೇಕಾದ ಜಾಗದಲ್ಲಿ ಹೀಗೆ ಬರೆದೆ:

ಕುರಿಗೆ ಉಣ್ಣೆ ಚೆಂದ, ಕಂಬಳಿಗೆ ಕರಿ ಅಂಚು ಚೆಂದ,
ಮಿರಜಿ ಪ್ಯಾಟಿ ಬಿಟ್ಟು ಬಂದ್ರೂ … ಅವರ ಅಂಗಡಿ ಚೆಂದ.

ಚುಕ್ಕಿ ಇರುವಲ್ಲಿ ಹೆಸರಿತ್ತು. ಇಲ್ಲಿ ಮತ್ತೆ ಚುಕ್ಕಿ ಹಾಕಿದ್ದೇನೆ, ಅಷ್ಟು ಬೇಗ ಸುಧಾರಿಸುವ ಹೆಂಗಸು ನಾನಲ್ಲ.

ಒಮ್ಮೆ ಬೇಲಿ ದಾಟಿದ ಮೇಲೆ ಕೈ ನಿಲ್ಲಲಿಲ್ಲ. ಶೀರ್ಷಿಕೆಗೆ ಇವರ ಹೆಸರು, ತಲೆಬರಹಕ್ಕೆ ಇವರ ಹೆಸರು, ಫೋಟೋಗಳಿಗೆ ಇವರ ಹೆಸರು. ಸಂಸ್ಕೃತಿಯ ಉಸಿರನ್ನು ತೆಗೆದು ಕರಿ ಕಂಬಳಿ, ಕುರಿ ಉಣ್ಣೆ, ಹೊಸ ವಿಳಾಸ ಎಂದು ಬರೆದೆ. ಹುಡುಗಿ ನೋಡಿ, ಇಷ್ಟು ಸಲ ಹೆಸರು ತುರುಕಿದರೆ ಸರ್ಚ್ ಎಂಜಿನ್ನಿಗೆ ಸಂಶಯ ಬರುತ್ತದೆ ಎಂದು ಅರ್ಧ ತೆಗೆಸಿದಳು. ಪುಟಗಳನ್ನು ಮತ್ತೆ ಓದಲು ಬಾ ಎಂದು ಸರ್ಚ್ ಎಂಜಿನ್ನಿಗೆ ಅರ್ಜಿಯನ್ನೂ ಹಾಕಿದಳು. ಇವರಿಗೆ ನಾವು ಏನೂ ಹೇಳಲಿಲ್ಲ. ನನಗೆ ನಾಚಿಕೆ, ಅವಳಿಗೆ ನಗು.

ಸುಮಾರು ಒಂದು ತಿಂಗಳ ಮೇಲೆ ಮಧ್ಯಾಹ್ನ ಇವರಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಮ್ಹೈಸಾಳದ ಕಡೆಯ ಹೆಣ್ಣುಮಗಳೊಬ್ಬಳು, ನನ್ನದೇ ವಯಸ್ಸಿನವಳು, ಸೊಸೆಯನ್ನು ಕರೆದುಕೊಂಡು ಬಂದಳು. ಹೊಸ್ತಿಲಲ್ಲೇ ನಿಂತು ಫೋನು ನೋಡಿದಳು, ಇವರನ್ನು ನೋಡಿದಳು, ಇದೇ ಅಂಗಡಿಯೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಫೋನಿನಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದಳು. ಕುರಿಗೆ ಉಣ್ಣೆ ಚೆಂದ ಎಂದು ಶುರುವಾದ ಕೂಡಲೇ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಹೆಸರನ್ನೂ ಸೇರಿಸಿ ಪೂರ್ತಿ ಓದಿ, ಉಖಾಣೆ ಹಾಕಿದವರು ಯಾರು ಎಂದು ಕೇಳಿದಳು.

ಇವರು ನನ್ನ ಕಡೆ ತಿರುಗಿದರು. ನಾನು ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಇವರು ಎದ್ದು, ತಿಂಗಳುಗಟ್ಟಲೆ ಕೈ ಹಚ್ಚದ ಮೇಲಿನ ಗಂಟನ್ನು ತಾವೇ ಇಳಿಸಿದರು. ಬರ್ರಿ, ಕುಂದ್ರಿ ಎಂದರು, ಕಬ್ಬು ಹೇಗಿದೆ ಎಂದು ಕೇಳಿದರು, ಎಳೆ ಕಿತ್ತು ಕಡ್ಡಿ ಗೀರಿದರು. ಆ ವಾಸನೆ ಅಂಗಡಿಯಲ್ಲಿ ಬಂದು ಎಷ್ಟೋ ದಿನವಾಗಿತ್ತು. ಊಟ ಆರಿಹೋಯಿತು, ಇವರು ಅದನ್ನು ಮುಟ್ಟಿದ್ದು ನಾಲ್ಕು ಗಂಟೆಗೆ. ನಾನು ಸಂತೋಷದಿಂದ ಅಳುವಂತಾಗಿ ರಿಕ್ಷಾ ಹಿಡಿದು ಮನೆಗೆ ಬಂದೆ.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಸಾಲುಗಟ್ಟಿ ಬಂದರು ಎಂದರೆ ಸುಳ್ಳಾದೀತು, ಆದರೆ ಬಂದವರು ಇವರ ಹೆಸರು ಕೇಳಿಕೊಂಡೇ ಬಂದರು. ಇವರು ಉಖಾಣೆಯ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಎತ್ತಲಿಲ್ಲ. ಆದರೆ ಫೋನಿಗೆ ಮಾತಾಡಿ ಹುಡುಕುವುದನ್ನು ಹುಡುಗಿಯಿಂದ ಕಲಿತುಕೊಂಡರು. ದಿನಾ ಬೆಳಿಗ್ಗೆ ಚಹಾ ಕುಡಿದು ವರಾಂಡದಲ್ಲಿ ಕೂತು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿ, ಅಂಗಡಿ ಎನ್ನುತ್ತಿದ್ದರು. ಬಂದದ್ದನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಏನು ನೋಡುತ್ತೀರಿ ಎಂದರೆ, ನಾವು ಮೇಲಿದ್ದೇವೋ ಕೆಳಗೆ ಇಳಿದೆವೋ ನೋಡುತ್ತೇನೆ ಎಂದು ವ್ಯಾಪಾರದ ಮುಖ ಮಾಡುತ್ತಿದ್ದರು.

ಹುಡುಗಿ ಮಾತ್ರ ಆ ವಿವರಣೆಯನ್ನು ಬದಲಿಸು ಎಂದು ಬೆನ್ನು ಹತ್ತಿದಳು. ಅಲ್ಲಿ ಮಾಲು, ಜಾಗ, ಫೋನು ಇರಬೇಕು, ಹಾಡು ಹಸೆ ಇರಬಾರದು. ಅವಳು ಹೇಳುವುದು ಸರಿಯಾಗಿಯೇ ಇತ್ತು. ತಿದ್ದುವುದೆಂದರೆ ನನಗೂ ಖುಷಿ. ಉಖಾಣೆ ತೆಗೆದು, “ಇವರ ಹೆಸರಿನ ಕಂಬಳಿ ಅಂಗಡಿ, ಸಾಂಗಲಿ–ಮಿರಜ ರಸ್ತೆ, ಅಪ್ಪಟ ಕುರಿ ಉಣ್ಣೆಯ ಕೈಮಗ್ಗದ ಕಂಬಳಿಗಳು” ಎಂಬರ್ಥದ ಸಾಲು ಹಾಕಿದೆ, ಹೆಸರಿನ ಸಮೇತ. ಕೆಲವು ದಿನ ಸರ್ಚಿನಲ್ಲಿ ಹಳೆಯದೇ ಕಾಣುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಹೊಸದು ಬಂತು.

ಇವರು ಫೋನು ಹಿಡಿದುಕೊಂಡು ಅಡುಗೆ ಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಇವರು ಅಡುಗೆ ಮನೆಗೆ ಬರುವವರಲ್ಲ, ಏನಾಯಿತೋ ಎಂದು ಗಾಬರಿಯಾಯಿತು. ಫೋನನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟು ಬೆರಳು ಹಚ್ಚಿ ತೋರಿಸಿದರು.

“ಇದರಾಗ ನಾ ಅದೇನಿ,” ಎಂದರು. “ನೀ ಎಲ್ಲೂ ಕಾಣವಲ್ಲಿ.”

ಹಿಟ್ಟಿನ ಕೈ ತೊಳೆದು, ಅಲ್ಲಿಯೇ ನಿಂತು ಹಳೆಯ ಎರಡು ಸಾಲನ್ನು ಮತ್ತೆ ಹಾಕಿದೆ. ತಂಗಿಯ ಮಗಳಿಗೆ ಏನಾದರೊಂದು ಸುಳ್ಳು ಹೇಳಿದರಾಯಿತು ಎಂದುಕೊಂಡೆ. ಹಾಕಿದ ಕೂಡಲೇ ಬರುವುದಿಲ್ಲ, ಸರ್ಚಿನವರು ಮತ್ತೆ ಬಂದು ಓದಿಕೊಂಡು ಹೋಗಬೇಕು, ಎಂಟು ಹತ್ತು ದಿನ ಹಿಡಿಯುತ್ತದೆ ಎಂದು ತಿಳಿಸಿ ಹೇಳಿದೆ.

“ಅಲ್ಲೀತನಕ ನೀನ ಹೇಳು,” ಎಂದು ಇವರು ಬಾಗಿಲಿಗೆ ಆತು ನಿಂತರು.

ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. ಅದನ್ನು ತಿರುವುವ ನೆಪದಲ್ಲಿ ಒಲೆಯ ಕಡೆ ಮುಖ ಮಾಡಿ ಎರಡು ಸಾಲನ್ನೂ ಹೇಳಿದೆ. ಚುಕ್ಕಿ ಇದ್ದಲ್ಲಿ ಹೆಸರನ್ನೇ ಹೇಳಿದೆ.